ಅತಿ ಬೊಜ್ಜಿನ ಶಸ್ತ್ರಚಿಕಿತ್ಸೆ: ದಂಪತಿಗಳು ಅರಿಯಬೇಕಾದ ವಿಷಯ

ಮೈ ತುಂಬಿಕೊಂಡಿರುವುದೇ ಆರೋಗ್ಯದ ಲಕ್ಷಣವೆಂದು ನಮ್ಮ ಹಿರಿಯರು ಭಾವಿಸಿದ್ದರು. ಹೊಟ್ಟೆಗೆ ಸಾಲದಿದ್ದ ಕಾಲದಲ್ಲಿ ಅದು ಸಹಜವೇ. ಇಂದು ಪರಿಸ್ಥಿತಿ ಬದಲಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ತೂಕ ಹೆಚ್ಚಾದವರು 2015-16ರಲ್ಲಿ ಶೇಕಡ 20.6ರಷ್ಟಿದ್ದರು, 2019-21ರಲ್ಲಿ ಶೇಕಡ 24ರಷ್ಟಾದರು. ಪುರುಷರಲ್ಲಿಯೂ ಈ ಪ್ರಮಾಣ ಏರಿದೆ.

ಅತಿ ಬೊಜ್ಜಿನಿಂದ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮಂಡಿ ನೋವು ಉಂಟಾಗುತ್ತವೆ. ಸ್ತ್ರೀಯರಲ್ಲಿ ಮುಟ್ಟು ಏರುಪೇರಾಗಿ ಗರ್ಭ ನಿಲ್ಲುವುದು ತಡವಾಗಬಹುದು. ಪುರುಷನ ವೀರ್ಯದ ಗುಣವೂ ಕುಗ್ಗಬಹುದು. ಆದ್ದರಿಂದ ಮಕ್ಕಳಾಗದಿದ್ದರೆ ಹೆಂಡತಿಯೊಬ್ಬಳನ್ನೇ ದೂಷಿಸುವುದು ತಪ್ಪು.

ಶಸ್ತ್ರಚಿಕಿತ್ಸೆ ಯಾರಿಗೆ?

ಆಹಾರ ನಿಯಮ, ವ್ಯಾಯಾಮ, ಔಷಧಿಗಳಿಂದ ಗುಣ ಕಾಣದ ಅತಿ ಬೊಜ್ಜಿನವರಿಗೆ ವೈದ್ಯರು ಇದನ್ನು ಸೂಚಿಸುತ್ತಾರೆ. ಇದು ಸೌಂದರ್ಯಕ್ಕಾಗಿ ಮಾಡುವ ಚಿಕಿತ್ಸೆಯಲ್ಲ. ಒಂದು ವಿಧಾನದಲ್ಲಿ ಜಠರದ ಬಹುಭಾಗವನ್ನು ತೆಗೆದು ಕೊಳವೆಯಂತೆ ಉಳಿಸುತ್ತಾರೆ. ಇನ್ನೊಂದರಲ್ಲಿ ಜಠರದ ಮೇಲ್ತುದಿಯಲ್ಲಿ ಸಣ್ಣ ಚೀಲವನ್ನು ರಚಿಸಿ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಆಗ ಸ್ವಲ್ಪ ಉಂಡರೂ ಹೊಟ್ಟೆ ತುಂಬುತ್ತದೆ.

ವೈದ್ಯರ ಅನುಭವವನ್ನು ವಿಚಾರಿಸಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 20 ಮಂದಿ ಶಸ್ತ್ರವೈದ್ಯರ ಕೈಚಳಕವನ್ನು ವಿಡಿಯೋ ಮೂಲಕ ಇತರ ಶಸ್ತ್ರವೈದ್ಯರು ಅಳೆದರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕೌಶಲ ಕಡಿಮೆಯಿದ್ದ ಗುಂಪಿನ ವೈದ್ಯರ ರೋಗಿಗಳಲ್ಲಿ ಶೇಕಡ 14.5ರಷ್ಟು ಮಂದಿಗೆ ತೊಡಕುಗಳಾದವು; ಹೆಚ್ಚು ಕೌಶಲವಿದ್ದವರ ರೋಗಿಗಳಲ್ಲಿ ಶೇಕಡ 5.2ರಷ್ಟು ಮಾತ್ರ. ತರಬೇತಿಯ ಬೆಲೆ ಇಷ್ಟು! ಆದಕಾರಣ "ಈ ಚಿಕಿತ್ಸೆಯನ್ನು ಎಷ್ಟು ಜನರಿಗೆ ಮಾಡಿದ್ದೀರಿ?" ಎಂದು ಕೇಳಲು ಸಂಕೋಚ ಬೇಡ.

ಗರ್ಭಧಾರಣೆಗೆ ಅಂತರ ಅಗತ್ಯ

ನನ್ನ ಬಳಿಗೆ ಒಬ್ಬ ತಾಯಿ ಐದು ತಿಂಗಳ ಗರ್ಭಿಣಿಯಾಗಿ ಬಂದಿದ್ದರು. ಮದುವೆಯಾಗಿ ಆರು ವರ್ಷ ಮಕ್ಕಳಿರಲಿಲ್ಲ. ಬೊಜ್ಜಿನ ಶಸ್ತ್ರಚಿಕಿತ್ಸೆಯಾದ ಮೂರೇ ತಿಂಗಳಿಗೆ ಗರ್ಭ ನಿಂತಿತ್ತು. ರಕ್ತಹೀನತೆಯಿಂದ ನಡೆಯಲೂ ಆಗುತ್ತಿರಲಿಲ್ಲ. "ಆರು ವರ್ಷ ಆಗದ್ದು ಈಗ ಆದೀತೆ, ವಂಕಿ ಏಕೆ ಎಂದು ಅಸಡ್ಡೆ ಮಾಡಿದೆವು ಸ್ವಾಮಿ," ಎಂದರು ಪತಿ. ಚಿಕಿತ್ಸೆಯಿಂದ ತಾಯಿ ಚೇತರಿಸಿಕೊಂಡರು. ಮಗು ಮಾತ್ರ ತೂಕ ಕಡಿಮೆಯಾಗಿ ಹುಟ್ಟಿತು.

ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಬೇಗ ಹೆಚ್ಚುತ್ತದೆ. ಆದರೆ ಆ ಅವಧಿಯಲ್ಲಿ ಶರೀರಕ್ಕೆ ಪೋಷಕಾಂಶ ಸಾಲದು. ಆದುದರಿಂದ 12ರಿಂದ 18 ತಿಂಗಳವರೆಗೆ ಗರ್ಭಧಾರಣೆಯನ್ನು ಮುಂದೂಡಬೇಕು. ಕರುಳಿನ ದಾರಿ ಬದಲಿಸಿದವರಲ್ಲಿ ನುಂಗುವ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಲ್ಪಡದೆ ಹೋಗಬಹುದು. ಅವರಿಗೆ ವಂಕಿ ಹೆಚ್ಚು ನಂಬಿಕೆಗೆ ಅರ್ಹ. ಪತಿಯು ನಿರೋಧ್ ಬಳಸಿ ಜವಾಬ್ದಾರಿಯನ್ನು ಹಂಚಿಕೊಳ್ಳಲಿ. ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಬಿ-12 ಮುಂತಾದವನ್ನು ವೈದ್ಯರು ಹೇಳಿದಂತೆ ಜೀವನಪರ್ಯಂತ ಸೇವಿಸಬೇಕು. ರಕ್ತ ಪರೀಕ್ಷೆಯನ್ನು ತಪ್ಪಿಸಬಾರದು.

ಅಡುಗೆ ಮನೆಯೇ ಮೊದಲ ಔಷಧಾಲಯ

ಬೊಜ್ಜು ಬಾರದಂತೆ ನೋಡಿಕೊಳ್ಳುವುದೇ ಲೇಸು. ರಾಗಿ, ಜೋಳ, ಹುರುಳಿ, ಅವರೆ, ಸೊಪ್ಪು ನಮ್ಮ ಹೊಲದಲ್ಲೇ ಬೆಳೆಯುತ್ತವೆ. ರಾಗಿ, ಜೋಳಗಳಿಗೆ ಭತ್ತದಷ್ಟು ನೀರೂ ಬೇಡ. ದೇಹಕ್ಕೂ ಭೂಮಿಗೂ ಹಿತ. ಕರಿದ ತಿಂಡಿ, ಬಾಟಲಿ ಪಾನೀಯ, ಸಕ್ಕರೆ ಮಿತವಾಗಿರಲಿ. ಬೇಕಾದಷ್ಟೇ ಮಾಡಿ, ಉಳಿಯಿತೆಂದು ಹೊಟ್ಟೆಗೆ ತುರುಕಬೇಡಿ.

ನೆನಪಿಡಿ
1. ದಂಪತಿಗಳಿಬ್ಬರೂ ಕೂಡಿ ವಿಚಾರಿಸಿ ನಿರ್ಧರಿಸಿ.
2. ತರಬೇತಿ ಪಡೆದ ಶಸ್ತ್ರವೈದ್ಯರನ್ನೇ ಆರಿಸಿ.
3. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಗರ್ಭನಿರೋಧದ ವ್ಯವಸ್ಥೆ ಮಾಡಿಕೊಳ್ಳಿ.
4. ಗರ್ಭ ನಿಂತರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು, ಶಸ್ತ್ರಚಿಕಿತ್ಸೆಯಾಗಿರುವುದನ್ನು ತಿಳಿಸಿ.