ಬೀದಿಯ ಮರದ ಉಷ್ಣಗಣಿತ

ಮುಂಗಾರು ಮಳೆ ನೆಲೆನಿಂತ ಮೇಲೆ, ಜುಲೈ ತಿಂಗಳಲ್ಲಿ, ಬೆಂಗಳೂರಿನ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಗುದ್ದಲಿ ಹಿಡಿದು ಬೀದಿಗಿಳಿಯುವುದುಂಟು. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ನಡೆದು ಬಂದ ಪದ್ಧತಿಯಿದು. ಗಿಡ ನೆಟ್ಟರೆ ಊರು ತಂಪಾಗುತ್ತದೆಂಬ ಮಾತು ಆ ದಿನದ ಭಾಷಣಗಳಲ್ಲಿ ತಪ್ಪದೆ ಬರುತ್ತದೆ. ಮಾತು ನಿಜವೇ. ಆದರೆ ಆ ತಂಪು ಎಷ್ಟು, ಎಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕಿ ನೋಡುವವರು ಕಡಮೆ.

ತಗಡಿನ ಚಪ್ಪರದ ಕೆಳಗೂ ನೆರಳಿದೆ, ಹೊಂಗೆಯ ಕೆಳಗೂ ನೆರಳಿದೆ. ಬೇಸಗೆಯ ಮಧ್ಯಾಹ್ನ ಯಾವುದರ ಕೆಳಗೆ ಕೂರಬೇಕೆಂದು ನಮ್ಮ ದನಕರುಗಳಿಗೂ ಗೊತ್ತು. ತಗಡು ಬಿಸಿಲನ್ನು ಹೀರಿ ಕಾಯುತ್ತದೆ. ಕಾದ ಮೇಲೆ ತಾನೇ ಕೆಳಮುಖವಾಗಿ ಉಷ್ಣವನ್ನು ವಿಕಿರಣ ಮಾಡುತ್ತದೆ. ಎಲೆಯೂ ಬಿಸಿಲನ್ನು ಹೀರುತ್ತದೆ, ಆದರೆ ಅಷ್ಟು ಕಾಯುವುದಿಲ್ಲ. ಅದರ ಮೈಮೇಲಿನ ಸೂಕ್ಷ್ಮವಾದ ಪತ್ರರಂಧ್ರಗಳ ಮೂಲಕ ನೀರು ಆವಿಯಾಗಿ ಹೊರಹೋಗುತ್ತಿರುತ್ತದೆ. ಇದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ನಿಯಮದಿಂದ.

30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರುವ ಒಂದು ಗ್ರಾಂ ನೀರನ್ನು ಕುದಿಯುವ ಬಿಂದುವಿಗೆ ಏರಿಸಲು 70 ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ನೀರು 30 ಡಿಗ್ರಿಯಲ್ಲೇ ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಬೇಕು. ಪಠ್ಯಪುಸ್ತಕದಲ್ಲಿ ನೀವು ಓದಿರುವ ಗುಪ್ತೋಷ್ಣ ಇದೇ. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರು ನೀರು ಆವಿಯಾಗುವಾಗ 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಉಷ್ಣವನ್ನು ಕಬಳಿಸುತ್ತದೆ.

ಎಂಟು ಮೀಟರು ಅಗಲದ ಹಂದರವುಳ್ಳ ಮರವೊಂದನ್ನು ತೆಗೆದುಕೊಳ್ಳೋಣ. ಅದರ ನೆರಳಿನ ವಿಸ್ತೀರ್ಣ ಸುಮಾರು 50 ಚದರ ಮೀಟರು. ಚದರ ಮೀಟರಿಗೆ ದಿನಕ್ಕೆ 6 ಯೂನಿಟ್ ಬಿಸಿಲು ಬಿದ್ದರೆ ಮರದ ಮೇಲೆ ಬೀಳುವುದು 300 ಯೂನಿಟ್. ಆ ಮರ ದಿನಕ್ಕೆ 100 ಲೀಟರು ನೀರನ್ನು ಆವಿಯಾಗಿ ಬಿಟ್ಟಿತೆಂದರೆ 67 ಯೂನಿಟ್, ಅಂದರೆ ನಾಲ್ಕರಲ್ಲಿ ಒಂದು ಪಾಲಿಗೆ ಸ್ವಲ್ಪ ಕಡಮೆ, ಯಾರನ್ನೂ ಕಾಯಿಸದೆ ಆವಿಯಲ್ಲಿ ಅಡಗಿಹೋಗುತ್ತದೆ. ಉಳಿದುದರಲ್ಲಿ ಸ್ವಲ್ಪ ಪ್ರತಿಫಲಿಸುತ್ತದೆ, ಸ್ವಲ್ಪವನ್ನು ಗಾಳಿ ಒಯ್ಯುತ್ತದೆ. ಆಹಾರ ತಯಾರಿಕೆಗೆ ಎಲೆ ಬಳಸುವ ಪಾಲು ತೀರ ಅಲ್ಪ. ಮರವಿಲ್ಲದಿದ್ದರೆ ಈ 300 ಯೂನಿಟ್ಟಿನ ಬಹುಭಾಗವನ್ನು ಡಾಂಬರು ರಸ್ತೆ ನುಂಗಿ, ರಾತ್ರಿಯೆಲ್ಲ ನಮ್ಮತ್ತ ಕಕ್ಕುತ್ತಿತ್ತು.

ಇಷ್ಟೆಲ್ಲ ತಂಪಿಗೆ ಬಂಡವಾಳ ನೀರು. ನೀರು ಸಿಗದ ದಿನ ಪತ್ರರಂಧ್ರಗಳು ಮುಚ್ಚುತ್ತವೆ. ಮರ ಆಗ ಕೇವಲ ಒಂದು ಹಸುರು ಚಪ್ಪರ. ದೊಡ್ಡ ಮರ ಆಳದ ಬೇರುಗಳಿಂದ ಹೇಗೋ ನಿಭಾಯಿಸೀತು. ನೀವು ನೆಡುವ ಸಸಿಯ ಸ್ಥಿತಿ ಬೇರೆ. 15 ಸೆಂಟಿಮೀಟರು ಅಗಲ, 20 ಸೆಂಟಿಮೀಟರು ಎತ್ತರದ ಚೀಲದಲ್ಲಿ ಅದು ಬೆಳೆದಿದೆ ಎನ್ನಿ. ಆ ಮಣ್ಣಿನ ಹೆಂಟೆ ಸುಮಾರು ಮೂರೂವರೆ ಲೀಟರು. ಅದರ ಏಳನೆಯ ಒಂದು ಪಾಲು ಬೇರಿಗೆ ಸಿಗುವ ನೀರೆಂದು ಹಿಡಿದರೂ ಅರ್ಧ ಲೀಟರಷ್ಟೇ ಆಯಿತು. ಗುಂಡಿ ಎಷ್ಟೇ ದೊಡ್ಡದಿರಲಿ, ಮೊದಲ ವಾರಗಳಲ್ಲಿ ಬೇರುಗಳು ಈ ಹೆಂಟೆಯನ್ನು ದಾಟಿ ಹೆಚ್ಚು ದೂರ ಹೋಗಿರುವುದಿಲ್ಲ. ಆದುದರಿಂದ ಮಳೆ ಬಿಡುವು ಕೊಟ್ಟಾಗ ವಾರಕ್ಕೊಮ್ಮೆ ಎರಡು ಕೊಡ ಸುರಿಯುವುದಕ್ಕಿಂತ ದಿನವೂ ಎರಡು ತಂಬಿಗೆ ಹಾಕುವುದು ಮೇಲು. ಜುಲೈಯಲ್ಲಿ ನೆಡುವುದರ ಮರ್ಮವೂ ಇದೇ: ಬೆಂಗಳೂರಿನಲ್ಲಿ ಅಕ್ಟೋಬರಿನವರೆಗೆ ಮಳೆಯುಂಟು, ಒಣ ತಿಂಗಳುಗಳು ಬರುವಷ್ಟರಲ್ಲಿ ಬೇರು ಸುತ್ತಲ ಮಣ್ಣಿಗೆ ಇಳಿದಿರುತ್ತದೆ. ಭಾಷಣಕಾರರ ಬಿಡುವನ್ನು ನೋಡಿಕೊಂಡು ಜನವರಿಯಲ್ಲಿ ನೆಟ್ಟ ಸಸಿಗೆ ಈ ಅವಕಾಶವಿಲ್ಲ.

ಬುಡದವರೆಗೆ ಸಿಮೆಂಟು ಮೆತ್ತುವುದು ಇನ್ನೊಂದು ಅನಾಹುತ. ನೀರು ಇಳಿಯುವುದಿಲ್ಲ ಎಂಬುದಷ್ಟೇ ಅಲ್ಲ, ಬೇರೂ ಉಸಿರಾಡಬೇಕು. ಮಣ್ಣಿನ ಕಣಗಳ ನಡುವಣ ಗಾಳಿಯೇ ಅದಕ್ಕೆ ಆಮ್ಲಜನಕವನ್ನು ಒದಗಿಸುತ್ತದೆ.

1980ರ ದಶಕದ ಮೊದಲ ವರ್ಷಗಳಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ, ನಾಗರಿಕರ ಸಹಕಾರದೊಡನೆ, ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಡಲಾಯಿತು. ಇಂದು ನಾವು ನಡೆದಾಡುವ ಎಷ್ಟೋ ಬೀದಿಗಳ ನೆರಳು ಆ ಕಾಲದ್ದು.

ಈ ಲೆಕ್ಕವನ್ನು ನೀವೇ ಪರೀಕ್ಷಿಸಬಹುದು. ಸಣ್ಣ ಕುಂಡದಲ್ಲಿ ಬೆಳೆದ ಗಿಡವೊಂದಕ್ಕೆ ಚೆನ್ನಾಗಿ ನೀರು ಹಾಕಿ, ಕುಂಡವನ್ನೂ ಮಣ್ಣನ್ನೂ ಪಾಲಿಥೀನ್ ಹಾಳೆಯಿಂದ ಸುತ್ತಿ ಕಾಂಡದ ಬುಡಕ್ಕೆ ಬಿಗಿಯಾಗಿ ಕಟ್ಟಿರಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತೂಗಿರಿ. ಕಡಮೆಯಾದ ಗ್ರಾಂಗಳನ್ನು 580ರಿಂದ ಗುಣಿಸಿದರೆ ಎಲೆಗಳು ಆವಿಯ ಮೂಲಕ ಹೊರಹಾಕಿದ ಉಷ್ಣ ಕ್ಯಾಲೊರಿಗಳಲ್ಲಿ ದೊರೆಯುತ್ತದೆ. ಮತ್ತೆ ನೀರು ಹಾಕದೆ ಕೆಲವು ದಿನ ತೂಗುತ್ತ ಹೋಗಿರಿ. ಬಿಸಿಲು ಒಂದೇ ಸಮನಿದ್ದರೂ ದಿನದಿನದ ನಷ್ಟ ಇಳಿಯತೊಡಗುತ್ತದೆ. ಎಷ್ಟೋ ಗಿಡಗಳಲ್ಲಿ ಎಲೆ ಬಾಡುವುದಕ್ಕೆ ಮೊದಲೇ ಈ ಇಳಿತ ಕಾಣಿಸಿಕೊಳ್ಳುತ್ತದೆ. ಕಣ್ಣಿಗೆ ಗಿಡ ಇನ್ನೂ ಹಸುರಾಗಿಯೇ ಇರುತ್ತದೆ.