ಕೊಲ್ಲಿ ನಾಡುಗಳಲ್ಲಿ ಇಂಗ್ಲಿಷ್ ಅಧ್ಯಾಪಕ ವೃತ್ತಿ: ಒಂದು ಪರಿಶೀಲನೆ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯು ಬೇಸಾಯವನ್ನೇ ನಂಬಿದ ಒಂದು ಸಾಮಾನ್ಯ ಗ್ರಾಮ. ಅಲ್ಲಿ ಜನಿಸಿದ ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಭಾರತದ ಪ್ರಧಾನಮಂತ್ರಿಗಳಾದಾಗ ಊರಿನ ಹೆಸರು ದೇಶಕ್ಕೆಲ್ಲ ಪರಿಚಿತವಾಯಿತು. ಆದರೆ ಹೊರನಾಡಿನ ಉದ್ಯೋಗದ ವಿಷಯದಲ್ಲಿ ಈ ಸೀಮೆಗೆ ಹೇಳಿಕೊಳ್ಳುವಂತಹ ಪರಂಪರೆಯಿಲ್ಲ. ಇಲ್ಲಿಯ ವಿದ್ಯಾವಂತರು ಬಹುಮಟ್ಟಿಗೆ ಹಾಸನ, ಮೈಸೂರು, ಬೆಂಗಳೂರುಗಳ ಕಡೆಗೇ ಮುಖ ಮಾಡಿದವರು. ಕರಾವಳಿಯ ಸ್ಥಿತಿ ಬೇರೆ. ಭಟ್ಕಳ, ಉಡುಪಿ, ಮಂಗಳೂರುಗಳ ತರುಣನು ದುಬೈಗೆ ಹೊರಡುವ ಮುನ್ನ ತನ್ನ ಚಿಕ್ಕಪ್ಪನನ್ನೋ ಭಾವನನ್ನೋ ನೆರೆಮನೆಯವರನ್ನೋ ಕೇಳಿ ತಿಳಿದುಕೊಳ್ಳಬಲ್ಲನು. ಹರದನಹಳ್ಳಿಯ ಬಿ.ಎ., ಬಿ.ಎಡ್. ಪದವೀಧರನಿಗೆ ಅಥವಾ ಪದವೀಧರೆಗೆ ಹಾಗೆ ಕೇಳಲು ಹಿರಿಯರಿರುವುದು ಅಪರೂಪ, ಎದುರಿಗಿರುವವನು ಏಜೆಂಟನೊಬ್ಬನೇ. ಏಜೆಂಟನಿಂದ ಕೇಳಿ ತಿಳಿಯುವುದಕ್ಕೂ ಬಂಧುವಿನಿಂದ ಕೇಳಿ ತಿಳಿಯುವುದಕ್ಕೂ ಇರುವ ಅಂತರವು ಕೆಲವೊಮ್ಮೆ ಒಂದು ಎಕರೆ ಹೊಲದ ಬೆಲೆಯಷ್ಟಾಗುತ್ತದೆ.

ಭಾರತದ ಅಧ್ಯಾಪಕರು ಇಂಗ್ಲಿಷ್ ಕಲಿಸಲು ಹೊರನಾಡಿಗೆ ಹೋಗುವುದು ಹೊಸತೇನಲ್ಲ. ಕೊಲ್ಲಿಯ ಹೆಸರು ಮನೆಮಾತಾಗುವುದಕ್ಕೆ ಮೊದಲೇ, ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ, ಇಥಿಯೋಪಿಯದ ಶಾಲೆಗಳಲ್ಲಿ ಭಾರತೀಯ ಉಪಾಧ್ಯಾಯರು ದೊಡ್ಡ ಸಂಖ್ಯೆಯಲ್ಲಿದ್ದರು. ಕೊಲ್ಲಿಯಲ್ಲಿ ಭಾರತೀಯ ಶಾಲೆಗಳು 1973ರ ತೈಲ ಬೆಲೆಯ ಏರಿಕೆಯ ನಂತರ ಹುಟ್ಟಿದವೆಂಬ ಭಾವನೆ ಸಾಮಾನ್ಯವಾಗಿದೆ. ಅದು ಪೂರ್ಣ ಸರಿಯಲ್ಲ. ಬಹರೈನಿನ ಭಾರತೀಯ ಶಾಲೆ 1950ರಲ್ಲಿ, ಕುವೈತಿನದು 1959ರಲ್ಲಿ, ದುಬೈನ ಇಂಡಿಯನ್ ಹೈಸ್ಕೂಲು 1961ರಲ್ಲಿ ಆರಂಭವಾದವು. ತೈಲದ ಹಣವು ಈ ಮರದ ಬುಡಕ್ಕೆ ನೀರೆರೆಯಿತು. ದೋಹಾದ ಎಂ.ಇ.ಎಸ್. ಶಾಲೆ 1974ರಲ್ಲಿ, ಮಸ್ಕತ್ತಿನ ಭಾರತೀಯ ಶಾಲೆ 1975ರಲ್ಲಿ ತೆರೆದವು. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ವರ್ಷಗಟ್ಟಲೆ ದುಡಿದವರು ಕೈಚೀಲ ಹಿಡಿದು ಮನೆಗೆ ಬಂದರು. ಕೊಲ್ಲಿಯ ಕೆಲಸವೆಂಬುದು ಕರಾರಿನ ಕೆಲಸವೇ ಹೊರತು ಖಾಯಂ ನೆಲೆಯಲ್ಲವೆಂಬುದನ್ನು ಆ ವರ್ಷ ತೋರಿಸಿತು.

ಉದ್ಯೋಗವನ್ನರಸುವವನು ಮೊದಲು ತಿಳಿಯಬೇಕಾದುದು ಶಾಲೆಗಳ ಬಗೆಯನ್ನು. ಸಿ.ಬಿ.ಎಸ್.ಇ. ಪಠ್ಯಕ್ರಮದ ಭಾರತೀಯ ಶಾಲೆಗಳು ಒಂದು ಬಗೆ. ಬ್ರಿಟಿಷ್, ಅಮೆರಿಕನ್ ಪಠ್ಯಕ್ರಮದ ಖಾಸಗಿ ಶಾಲೆಗಳು ಮತ್ತೊಂದು. ಆಯಾ ಸರ್ಕಾರಗಳ ಶಾಲೆಗಳು, ಕಾಲೇಜುಗಳ ಪೂರ್ವಸಿದ್ಧತಾ ತರಗತಿಗಳು, ತರಬೇತಿ ಕೇಂದ್ರಗಳು ಇನ್ನುಳಿದವು. ಹೆಚ್ಚಿನ ವೇತನದ ಜಾಹೀರಾತುಗಳಲ್ಲಿ ‘ಇಂಗ್ಲಿಷ್ ಮಾತೃಭಾಷೆಯಾಗಿರುವವರು’ ಎಂಬ ಷರತ್ತು ಪದೇ ಪದೇ ಕಾಣಿಸುತ್ತದೆ. ಆಚರಣೆಯಲ್ಲಿ ಇದು ನಾಲಗೆಯ ಪರೀಕ್ಷೆಗಿಂತ ಹೆಚ್ಚಾಗಿ ಪಾಸ್‌ಪೋರ್ಟಿನ ಪರೀಕ್ಷೆ. ಇಂಗ್ಲೆಂಡ್, ಐರ್ಲೆಂಡ್, ಅಮೆರಿಕ, ಕೆನಡಾ, ಆಸ್ಟ್ರೇಲಿಯ ಮುಂತಾದ ದೇಶಗಳ ಪ್ರಜೆಗಳಿಗೆ ತೆರೆಯುವ ಬಾಗಿಲು, ಅಷ್ಟೇ ಬಲ್ಲ ಭಾರತೀಯನಿಗೆ ಮುಚ್ಚಿರುತ್ತದೆ. ಇದು ನ್ಯಾಯವಲ್ಲ, ಆದರೆ ಇರುವ ಸ್ಥಿತಿ ಇದು. ಭಾರತೀಯ ಶಾಲೆಗಳಲ್ಲಿ ಸಂಬಳ ಕಡಿಮೆ, ಆದರೆ ಸ್ವಾಗತವಿದೆ. ಕಾಲೇಜುಗಳಲ್ಲಿ, ವಿಶೇಷವಾಗಿ ಒಮಾನ್ ಮತ್ತು ಸೌದಿ ಅರೇಬಿಯದಲ್ಲಿ, ಎಂ.ಎ. ಪದವಿಯುಳ್ಳ ಭಾರತೀಯ ಅಧ್ಯಾಪಕರು ಬಹುಕಾಲದಿಂದ ದುಡಿದಿದ್ದಾರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ಅನ್ಯರ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಅರ್ಹನೇ? ಭಾಷಾಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಆತನ ಬಳಿ ಇಂಗ್ಲೆಂಡಿನವನಿಗೆ ಇಲ್ಲದ ಒಂದು ಬಂಡವಾಳವಿದೆ. ಅರಬ್ಬಿ ಬಾಲಕನು ‘ಅವರು ಶಿಕ್ಷಕರು’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಹೀ ಟೀಚರ್’ ಎಂದುಬಿಡುತ್ತಾನೆ, ‘ಈಸ್’ ಬಿಟ್ಟುಹೋಗುತ್ತದೆ. ಏಕೆಂದರೆ ಅರಬ್ಬಿಯಲ್ಲಿ ‘ಹುವ ಮುದರ್ರಿಸ್’ ಎಂದರೆ ಸಾಕು, ವರ್ತಮಾನ ಕಾಲದಲ್ಲಿ ಕ್ರಿಯಾಪದ ಬೇಡ. ಕನ್ನಡದಲ್ಲಿಯೂ ‘ಅವರು ಮೇಷ್ಟ್ರು’ ಎಂದರೆ ವಾಕ್ಯ ಪೂರ್ಣ. ಈ ತಪ್ಪನ್ನು ತಾನೇ ಮಾಡಿ, ತಾನೇ ತಿದ್ದಿಕೊಂಡ ಅಧ್ಯಾಪಕನಿಗೆ ಅದರ ಬೇರು ಎಲ್ಲಿದೆಯೆಂದು ಗೊತ್ತು. ಪದದ ಆದಿಯಲ್ಲಿ ಒತ್ತಕ್ಷರ ಬಂದಾಗ ನಮ್ಮ ಹಳ್ಳಿಗಳಲ್ಲಿ ‘ಸ್ಕೂಲು’ ‘ಇಸ್ಕೂಲು’ ಆಗುವಂತೆ ಅರಬ್ಬಿಯವರೂ ವ್ಯಂಜನಗಳ ನಡುವೆಯೋ ಮುಂದೆಯೋ ಒಂದು ಸ್ವರವನ್ನು ಸೇರಿಸಿಕೊಳ್ಳುತ್ತಾರೆ. ಅವರ ಭಾಷೆಯಲ್ಲಿ ‘ಪ’ಕಾರವಿಲ್ಲ, ಆದುದರಿಂದ ‘ಪಾರ್ಕಿಂಗ್’ ಎಂಬುದು ‘ಬಾರ್ಕಿಂಗ್’ ಆಗಿ, ಗಾಡಿ ನಿಲ್ಲಿಸುವ ಜಾಗವು ನಾಯಿ ಬೊಗಳುವ ಜಾಗವಾಗುತ್ತದೆ.

ನಗುವ ಮುನ್ನ ಹಾಸನ ಸೀಮೆಯವರು ತಮ್ಮ ನಾಲಗೆಯನ್ನೂ ನೋಡಿಕೊಳ್ಳಬೇಕು. ಹಳೆಯ ಮೈಸೂರಿನ ಗ್ರಾಮ್ಯ ಮಾತಿನಲ್ಲಿ ‘ಹಸು’ ‘ಅಸು’ವಾಗುತ್ತದೆ, ‘ಹಾಲು’ ‘ಆಲು’ ಆಗುತ್ತದೆ. ಇದೇ ಅಭ್ಯಾಸ ಇಂಗ್ಲಿಷಿಗೂ ಹರಿದರೆ ‘ಹಾರ್ಟ್’ ಎಂಬ ಹೃದಯವು ‘ಆರ್ಟ್’ ಎಂಬ ಕಲೆಯಾಗುತ್ತದೆ. ‘ಎಗ್’ ಎನ್ನಬೇಕಾದಲ್ಲಿ ‘ಯೆಗ್’, ‘ಓನ್ಲಿ’ ಎನ್ನಬೇಕಾದಲ್ಲಿ ‘ವೋನ್ಲಿ’ ಎಂಬುದು ಕನ್ನಡಿಗರೆಲ್ಲರ ಸಾಮಾನ್ಯ ದೋಷ. ಪದಾಂತ್ಯದಲ್ಲಿ ‘ಉ’ಕಾರ ಸೇರಿಸುವುದು ಮತ್ತೊಂದು. ಸಂದರ್ಶನದಲ್ಲಿ ಹತ್ತು ನಿಮಿಷದ ಮಾದರಿ ಪಾಠವನ್ನು ಕೇಳುವ ಪರೀಕ್ಷಕನ ಕಿವಿಗೆ ಮೊದಲು ಬೀಳುವುದು ಇವೇ. ವಿದೇಶೀಯರ ಉಚ್ಚಾರಣೆಯನ್ನು ಅನುಕರಿಸುವ ಅಗತ್ಯವಿಲ್ಲ, ಸ್ಪಷ್ಟತೆ ಸಾಕು. ದಿನಕ್ಕೆ ಅರ್ಧ ಗಂಟೆಯಂತೆ ಗಟ್ಟಿಯಾಗಿ ಓದಿ, ಅದನ್ನು ಧ್ವನಿಮುದ್ರಿಸಿ, ಮರಳಿ ಕೇಳುವ ಅಭ್ಯಾಸವು ಯಾವ ದುಬಾರಿ ಶಿಕ್ಷಣಕ್ಕಿಂತಲೂ ಕಡಿಮೆಯಲ್ಲ. ಹೆಚ್ಚಿನ ತರಬೇತಿ ಬೇಕೆನ್ನುವವರಿಗೆ 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯುಂಟು. 1958ರಲ್ಲಿ ಹೈದರಾಬಾದಿನಲ್ಲಿ ಆರಂಭವಾಗಿ ಇಂದು ವಿಶ್ವವಿದ್ಯಾಲಯವಾಗಿರುವ ಸಂಸ್ಥೆಯುಂಟು. ನಮ್ಮ ವಿ.ಕೃ. ಗೋಕಾಕರು ಆ ಸಂಸ್ಥೆಯ ನಿರ್ದೇಶಕರಾಗಿದ್ದರೆಂಬುದು ಇಲ್ಲಿ ಸ್ಮರಣೀಯ. ವಾರಾಂತ್ಯದಲ್ಲಿ ಕೊಡುವ ಅಗ್ಗದ ಪ್ರಮಾಣಪತ್ರಗಳನ್ನು ಒಳ್ಳೆಯ ಶಾಲೆಗಳು ಗಣನೆಗೆ ತೆಗೆದುಕೊಳ್ಳುವುದು ವಿರಳ. ಬಿ.ಎಡ್. ಪದವಿ ಹಾಗೂ ಸಾಮಾನ್ಯವಾಗಿ ಎರಡು ವರ್ಷಗಳ ಬೋಧನಾನುಭವ, ಇವೇ ಮುಖ್ಯ. ಊರಿನ ಶಾಲೆಯಲ್ಲಿ ಅಲ್ಪ ಸಂಬಳಕ್ಕೆ ಕಳೆದ ಎರಡು ವರ್ಷಗಳು ವ್ಯರ್ಥವಲ್ಲ. ಸೇವಾ ಪ್ರಮಾಣಪತ್ರವನ್ನು ಕೇಳಿ ಪಡೆದಿರಬೇಕಷ್ಟೇ.

ಪ್ರಮಾಣಪತ್ರಗಳ ದೃಢೀಕರಣವು ಅನೇಕರಿಗೆ ಕಗ್ಗಂಟು. ಪದವಿಪತ್ರವನ್ನು ಮೊದಲು ರಾಜ್ಯದ ನಿಯೋಜಿತ ಪ್ರಾಧಿಕಾರ, ಬಳಿಕ ವಿದೇಶಾಂಗ ಸಚಿವಾಲಯ, ಅನಂತರ ಸಂಬಂಧಿಸಿದ ದೇಶದ ದೂತಾವಾಸ, ಹೀಗೆ ಒಂದರ ಮೇಲೊಂದು ಮುದ್ರೆ ಬೀಳಬೇಕು. ಒಮಾನ್, ಬಹರೈನ್ ಮತ್ತು 2022ರಿಂದ ಸೌದಿ ಅರೇಬಿಯ ಹೇಗ್ ಒಪ್ಪಂದಕ್ಕೆ ಸೇರಿರುವುದರಿಂದ ಅಲ್ಲಿಗೆ ಅಪೊಸ್ಟಿಲ್ ಎಂಬ ಒಂದೇ ಮುದ್ರೆಯ ಮಾರ್ಗವಿದೆ. ಇಲ್ಲಿ ಎರಡು ಗ್ರಾಮೀಣ ಅಭ್ಯಾಸಗಳು ತೊಡಕನ್ನುಂಟುಮಾಡುತ್ತವೆ. ಒಂದು, ಅಂಕಪಟ್ಟಿ ಹಾಳಾಗಬಾರದೆಂದು ಪ್ರೀತಿಯಿಂದ ಪ್ಲಾಸ್ಟಿಕ್ ಹೊದಿಕೆ ಹಾಕಿಸುವುದು. ಅದರ ಮೇಲೆ ಯಾವ ಅಧಿಕಾರಿಯೂ ಮುದ್ರೆಯೊತ್ತಲಾರನು. ಇನ್ನೊಂದು, ಹೆಸರು. ನಮ್ಮ ಕಡೆಯ ಹೆಸರುಗಳ ಇನಿಷಿಯಲ್ ಊರಿನದೂ ತಂದೆಯದೂ ಆಗಿರುತ್ತದೆ, ದೇವೇಗೌಡರ ‘ಎಚ್.ಡಿ.’ ಎಂಬುದು ಹರದನಹಳ್ಳಿ ದೊಡ್ಡೇಗೌಡ ಎಂಬುದರ ಸಂಕ್ಷೇಪ. ಎಸ್.ಎಸ್.ಎಲ್.ಸಿ. ಪಟ್ಟಿಯಲ್ಲಿ ಅಕ್ಷರಗಳಷ್ಟೇ ಇದ್ದು ಪಾಸ್‌ಪೋರ್ಟಿನಲ್ಲಿ ಪೂರ್ತಿ ವಿಸ್ತರಿಸಿ ಬರೆದರೆ ದುಬೈನ ಕಛೇರಿಯು ಅವರಿಬ್ಬರನ್ನೂ ಬೇರೆ ಬೇರೆ ವ್ಯಕ್ತಿಗಳೆಂದು ಭಾವಿಸಬಹುದು. ಊರಿನ ಹೆಸರು ಮನೆತನದ ಹೆಸರಾಗಿ ದಾಖಲಾದರೆ ಮಕ್ಕಳು ತರಗತಿಯಲ್ಲಿ ‘ಮಿಸ್ಟರ್ ಹರದನಹಳ್ಳಿ’ ಎಂದೇ ಕರೆಯುವರು; ಅದೇನೋ ಅಪಮಾನವಲ್ಲ, ಆದರೆ ದಾಖಲೆಗಳೆಲ್ಲ ಹಾಗೆಯೇ ಇರಬೇಕು.

ಇನ್ನು ಅತ್ಯಂತ ಗಮನಾರ್ಹವಾದ ಅಂಶ. 1983ರ ವಲಸೆ ಕಾಯಿದೆಯು ದುಡಿಯಲು ಹೊರನಾಡಿಗೆ ಹೋಗುವವರನ್ನು ಎರಡು ಗುಂಪಾಗಿ ವಿಂಗಡಿಸುವ ವ್ಯವಸ್ಥೆಗೆ ಆಧಾರವಾಯಿತು. ಹತ್ತನೆಯ ತರಗತಿ ತೇರ್ಗಡೆಯಾಗದ ಕೂಲಿಕಾರನು ಕೊಲ್ಲಿಗೆ ಹೋಗಬೇಕಾದರೆ ವಲಸೆ ಸಂರಕ್ಷಕರ ಅನುಮತಿ ಪಡೆಯಬೇಕು. ಆಗ ಅವನ ಕರಾರನ್ನು ಒಬ್ಬ ಅಧಿಕಾರಿ ನೋಡಿರುತ್ತಾನೆ. ಪದವೀಧರನಿಗೆ ಈ ಅನುಮತಿ ಬೇಕಿಲ್ಲ. ಜನರು ಇದನ್ನು ಗೌರವವೆಂದು ಭಾವಿಸುತ್ತಾರೆ. ವಾಸ್ತವವಾಗಿ ಇದರ ಅರ್ಥ, ಅಧ್ಯಾಪಕನ ಕರಾರನ್ನು ಅವನ ಹೊರತು ಮತ್ತಾರೂ ಓದಿಲ್ಲವೆಂಬುದು. ಓದು ಬಲ್ಲವನು ತಾನೇ ಓದಿಕೊಳ್ಳುವನೆಂದು ಸರ್ಕಾರ ನಂಬಿದೆ. ಆದರೆ ಓದು ಬಲ್ಲ ಎಷ್ಟೋ ಮಂದಿ ಓದದೆಯೇ ಸಹಿ ಮಾಡುತ್ತಾರೆ.

ಹಾಗಾದರೆ ಓದಬೇಕಾದುದೇನು? ಮೊದಲನೆಯದಾಗಿ ಮೂಲ ವೇತನ. ಯಾವುದೋ ಶಾಲೆ ತಿಂಗಳಿಗೆ ಒಟ್ಟು 4,000 ದಿರ್ಹಂ ಕೊಡುವುದೆಂದು ಇಟ್ಟುಕೊಳ್ಳೋಣ. ಸಂಯುಕ್ತ ಅರಬ್ ಎಮಿರೇಟ್ಸಿನ ಕಾನೂನಿನಂತೆ ಸೇವಾಂತ್ಯದ ಗ್ರ್ಯಾಚುಯಿಟಿಯು ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನಗಳ ಮೂಲ ವೇತನ. ಮೂಲ ವೇತನ 2,000 ಎಂದು ಬರೆದು ಉಳಿದುದನ್ನು ಭತ್ಯೆಯೆಂದು ತೋರಿಸಿದರೆ ವರ್ಷಕ್ಕೆ 1,400, ಐದು ವರ್ಷಕ್ಕೆ 7,000 ದಿರ್ಹಂ ದೊರೆಯುತ್ತದೆ. ಅದೇ ಮೂಲ ವೇತನ 3,000 ಆಗಿದ್ದರೆ 10,500. ಕೈಗೆ ಬರುವ ತಿಂಗಳ ಸಂಬಳ ಎರಡರಲ್ಲಿಯೂ ಒಂದೇ. ಎರಡನೆಯದಾಗಿ, ಜುಲೈ, ಆಗಸ್ಟ್ ತಿಂಗಳ ರಜೆಯ ಸಂಬಳವಿದೆಯೇ, ವಿಮಾನದ ಟಿಕೆಟು ವರ್ಷಕ್ಕೊಮ್ಮೆಯೇ ಎರಡು ವರ್ಷಕ್ಕೊಮ್ಮೆಯೇ, ವಸತಿ ಶಾಲೆಯದೇ ಅಥವಾ ಭತ್ಯೆಯೇ ಎಂಬುದು. ವಸತಿಯಿಲ್ಲದ ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ ಹಿಗ್ಗುವುದು ವ್ಯರ್ಥ. ದುಬೈನ ಬಾಡಿಗೆಯನ್ನು ಕಳೆದ ಮೇಲೆ ಉಳಿಯುವುದಷ್ಟೇ ಸಂಬಳ. ಮೂರನೆಯದಾಗಿ, ಮೊದಲು ಕಳುಹಿಸಿದ ನೇಮಕಪತ್ರಕ್ಕೂ ಅಲ್ಲಿ ಇಳಿದ ಮೇಲೆ ಸಹಿಗೆ ಒಡ್ಡುವ ಕರಾರಿಗೂ ಅಂಕಿಗಳು ತಾಳೆಯಾಗುತ್ತವೆಯೇ ಎಂಬುದು.

ಎಮಿರೇಟ್ಸಿನ 2021ರ ಕಾರ್ಮಿಕ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಗೆ ಬಂದಿತು. ಅದರಂತೆ ಪ್ರಾಯೋಗಿಕ ಅವಧಿ ಆರು ತಿಂಗಳನ್ನು ಮೀರುವಂತಿಲ್ಲ. ನೇಮಕಾತಿಯ ವೆಚ್ಚವನ್ನು ನೌಕರನಿಂದ ವಸೂಲು ಮಾಡುವಂತಿಲ್ಲ. ಪಾಸ್‌ಪೋರ್ಟನ್ನು ಮಾಲೀಕನು ಇಟ್ಟುಕೊಳ್ಳುವಂತಿಲ್ಲ. ಭಾರತದ ನಿಯಮದಂತೆ ನೋಂದಾಯಿತ ಏಜೆಂಟನು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿಯನ್ನು 30,000 ರೂಪಾಯಿ ಮತ್ತು ತೆರಿಗೆಯೆಂದು ನಿಗದಿಪಡಿಸಲಾಗಿದೆ. ಲಕ್ಷಗಳನ್ನು ಕೇಳುವವನು, ರಶೀದಿ ಕೊಡದವನು, ‘ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಎಲ್ಲ ಸರಿಯಾಗುತ್ತದೆ’ ಎನ್ನುವವನು, ಈ ಮೂವರ ಮನೆಯ ಮೆಟ್ಟಿಲನ್ನು ಹತ್ತದಿರುವುದು ಲೇಸು. ವಿಸಿಟ್ ವೀಸಾದಲ್ಲಿ ದುಡಿಯುವುದು ಅಪರಾಧ. ಸಿಕ್ಕಿಬಿದ್ದಾಗ ದೂರು ಕೊಡುವ ಬಾಯಿಯೂ ಇರುವುದಿಲ್ಲ. ಏಜೆಂಟನ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಕೇರಳವು 1977ರಲ್ಲಿಯೇ ಒಡೆಪೆಕ್ ಎಂಬ ಸರ್ಕಾರಿ ಸಂಸ್ಥೆಯನ್ನು ಕಟ್ಟಿ, ತನ್ನವರನ್ನು ಹೊರನಾಡಿಗೆ ಕಳುಹಿಸತೊಡಗಿತು. ಕೊಲ್ಲಿಯ ಭಾರತೀಯ ಶಾಲೆಗಳಲ್ಲಿ ಮಲಯಾಳಿ ಅಧ್ಯಾಪಕರು ಅಧಿಕ ಸಂಖ್ಯೆಯಲ್ಲಿರುವುದು ಆಕಸ್ಮಿಕವಲ್ಲ.

ಮಹಿಳೆಯರ ವಿಷಯದಲ್ಲಿ ಒಂದು ಮಾತು. ಭಾರತೀಯ ಶಾಲೆಗಳ ಅಧ್ಯಾಪಕವರ್ಗದಲ್ಲಿ ಗಂಡನ ವೀಸಾದಲ್ಲಿ ಬಂದು ನೆಲೆಸಿದ ಶಿಕ್ಷಕಿಯರು ಬಹಳ. ಅವರಿಗೆ ವಸತಿ, ಟಿಕೆಟು ಕೊಡಬೇಕಾದ ಹೊಣೆ ಶಾಲೆಗಿಲ್ಲದ ಕಾರಣ ಕಡಿಮೆ ಸಂಬಳಕ್ಕೆ ನೇಮಿಸಿಕೊಳ್ಳುವುದು ವಾಡಿಕೆಯಾಗಿದೆ. ಮದುವೆಯಾಗಿ ದೋಹಾಕ್ಕೋ ಮಸ್ಕತ್ತಿಗೋ ಹೋಗುವ ಹೆಣ್ಣುಮಗಳು ತನ್ನ ಬಿ.ಎಡ್. ಪತ್ರವನ್ನು ಹೊರಡುವ ಮುನ್ನವೇ ದೃಢೀಕರಿಸಿಕೊಂಡರೆ, ಅಲ್ಲಿಂದ ಅದನ್ನು ಹಾಸನಕ್ಕೆ ಅಂಚೆಯಲ್ಲಿ ಕಳುಹಿಸಿ ತಮ್ಮನನ್ನು ಕಛೇರಿಗಳಿಗೆ ಅಲೆಸುವುದು ತಪ್ಪುತ್ತದೆ.

ಭಾರತೀಯ ಶಾಲೆಗಳ ವರ್ಷ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿಯೂ ಬ್ರಿಟಿಷ್ ಪಠ್ಯಕ್ರಮದವುಗಳದು ಸೆಪ್ಟೆಂಬರಿನಲ್ಲಿಯೂ ಆರಂಭವಾಗುತ್ತದೆ. ಆದುದರಿಂದ ಏಪ್ರಿಲ್ಲಿಗೆ ಸೇರಬೇಕೆನ್ನುವವನು ಹಿಂದಿನ ದಸರೆಯ ವೇಳೆಗೇ ಪತ್ರಗಳನ್ನು ಅಣಿಗೊಳಿಸಿರಬೇಕು. ಕರಾರಿನ, ಪಾಸ್‌ಪೋರ್ಟಿನ, ವೀಸಾದ ಒಂದೊಂದು ಪ್ರತಿಯನ್ನು ಮನೆಯಲ್ಲಿ ತಾಯಿತಂದೆಯರ ಬಳಿ ಬಿಟ್ಟುಹೋಗಬೇಕು. ಸಂಬಳ ನಿಂತರೆ ದೂರು ಕೊಡಲು 2015ರಲ್ಲಿ ಆರಂಭವಾದ ವಿದೇಶಾಂಗ ಸಚಿವಾಲಯದ ‘ಮದದ್’ ವ್ಯವಸ್ಥೆಯುಂಟು. ಊರಿನಲ್ಲಿರುವವರೂ ಅಲ್ಲಿ ದೂರು ದಾಖಲಿಸಬಹುದು, ಅದಕ್ಕೆ ಬೇಕಾಗುವುದು ಮನೆಯ ಪೆಟ್ಟಿಗೆಯಲ್ಲಿರುವ ಆ ಪ್ರತಿಗಳೇ.