ಲ್ಯಾಪ್‌ಟಾಪ್ ಮೇಲೆ ಟೀ ಚೆಲ್ಲಿದರೆ: ಕೆಟ್ಟ ಹಾರ್ಡ್ ಡಿಸ್ಕ್ ನಮಗೆ ಕಲಿಸಿದ ಪಾಠ

ಎರಡನೇ ಇಂಟರ್ನಲ್ಸ್‌ಗೆ ಇನ್ನು ನಾಲ್ಕೇ ದಿನ. ರಾತ್ರಿ ಹನ್ನೊಂದೂವರೆಗೆ ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ಲೋಟ ಟೀ ಲ್ಯಾಪ್‌ಟಾಪ್ ಮೇಲೆ ಬಿತ್ತು. ಲ್ಯಾಪ್‌ಟಾಪ್ ನಮ್ಮ ರೂಮ್‌ಮೇಟ್‌ದು. ಚೆಲ್ಲಿದ್ದು ನಮ್ಮಲ್ಲೇ ಒಬ್ಬ. ಯಾರು ಅಂತ ಕೇಳಬೇಡಿ, ಈ ಲೇಖನ ಬರೆಯೋದ್ರಲ್ಲಿ ಅವನದೂ ಪಾಲಿದೆ.

ಆಮೇಲಿನ ಎರಡು ವಾರದಲ್ಲಿ ನಾವು ಕಲಿತದ್ದನ್ನ ಇಲ್ಲಿ ಬರೆದಿದ್ದೇವೆ. ನಾವು ಇಂಗ್ಲಿಷ್ ಮೀಡಿಯಂನವರು, ಕಾಗುಣಿತ ತಪ್ಪಿದ್ರೆ ಕ್ಷಮಿಸಿ. ಆದ್ರೆ ನಾವು ಮಾಡಿದ ತಪ್ಪನ್ನ ಮಾತ್ರ ನೀವು ಮಾಡಬೇಡಿ.

ನಾವು ಮಾಡಿದ ತಪ್ಪು

ಟವೆಲ್‌ನಿಂದ ಒರೆಸಿದೆವು. ಪಕ್ಕದ ರೂಮಿನಿಂದ ಹೇರ್ ಡ್ರೈಯರ್ ತಂದು ಬಿಸಿ ಗಾಳಿ ಬಿಟ್ಟೆವು. ನಲವತ್ತು ನಿಮಿಷ ಆದ ಮೇಲೆ ತಡೆಯೋಕಾಗದೆ ಪವರ್ ಬಟನ್ ಒತ್ತಿದೆವು. "ಲೋ, ಆನ್ ಆಯ್ತು ಕಣೋ!" ಅಂತ ಕುಣಿದಾಡಿದ್ದೇ ಬಂತು. ಮೂರು ದಿನ ಚೆನ್ನಾಗೇ ನಡೀತು. ನಾಲ್ಕನೇ ದಿನ ಬೆಳಿಗ್ಗೆ ಕಪ್ಪು ಪರದೆ ಮೇಲೆ, ಬೂಟ್ ಮಾಡೋಕೆ ಡಿಸ್ಕ್ ಸಿಗ್ತಿಲ್ಲ ಅನ್ನೋ ಒಂದೇ ಸಾಲು.

ಯಾಕೆ ಹೀಗಾಯ್ತು? ಟೀಯಲ್ಲಿರೋ ನೀರು ಆರುತ್ತೆ, ಆದ್ರೆ ಸಕ್ಕರೆ, ಹಾಲು, ಲವಣ ಒಳಗೇ ಉಳಿಯುತ್ತೆ. ಆ ಅಂಟು ಗಾಳಿಯ ತೇವ ಹಿಡಿದಿಟ್ಟುಕೊಳ್ಳುತ್ತೆ. ಅದರ ಮೇಲೆ ಕರೆಂಟ್ ಹರಿದರೆ ತಾಮ್ರದ ದಾರಿಗಳಿಗೆ ಕಿಲುಬು ಹಿಡಿಯುತ್ತೆ. ಪಿಯುಸಿ ಕೆಮಿಸ್ಟ್ರಿಯಲ್ಲಿ ಓದಿದ ವಿದ್ಯುದ್ವಿಭಜನೆಯೇ ಇದು. ಅಂದ್ರೆ ಲ್ಯಾಪ್‌ಟಾಪ್ ಕೆಟ್ಟಿದ್ದು ಟೀ ಬಿದ್ದ ಆ ಒಂದು ನಿಮಿಷದಲ್ಲಿ ಅಲ್ಲ. ನಾವು ಖುಷಿಯಾಗಿ ಬಳಸಿದ ಆ ಮೂರು ದಿನದಲ್ಲಿ.

ಮಾಡಬೇಕಿದ್ದದ್ದು ಇಷ್ಟು. ಮೊದಲು ಚಾರ್ಜರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಫೈಲ್ ಸೇವ್ ಮಾಡ್ತಾ ಕೂರಬೇಡಿ. ಕೀಬೋರ್ಡ್ ಕೆಳಮುಖ ಆಗೋ ಹಾಗೆ ಟೆಂಟ್ ತರಹ ನಿಲ್ಲಿಸಿ. ಆಮೇಲೆ ಹಿಂದಿನ ಕವರ್ ಬಿಚ್ಚಿ ಬ್ಯಾಟರಿ ಕನೆಕ್ಟರ್ ತೆಗೀರಿ, ಯಾಕಂದ್ರೆ ಆಫ್ ಆಗಿದ್ರೂ ಮದರ್‌ಬೋರ್ಡಿನ ಕೆಲವು ಭಾಗಕ್ಕೆ ಬ್ಯಾಟರಿಯಿಂದ ಕರೆಂಟ್ ಹೋಗ್ತಾನೇ ಇರುತ್ತೆ. ಅಕ್ಕಿ ಡಬ್ಬದಲ್ಲಿ ಹೂತಿಡೋದು ಬೇಡ. ಬೋರ್ಡಿನ ಅಡಿಯಲ್ಲಿರೋ ಸಕ್ಕರೆಯನ್ನ ಅಕ್ಕಿ ಎಳ್ಕೊಳ್ಳಲ್ಲ, ಪೋರ್ಟ್‌ಗಳಿಗೆ ಅಕ್ಕಿ ಪುಡಿ ಸೇರುತ್ತೆ ಅಷ್ಟೇ.

ಕೆಟ್ಟಿದ್ದು ಡಿಸ್ಕೋ, ಕೇಬಲ್ಲೋ, ಬೋರ್ಡೋ?

ಪರದೆ ಮೇಲೆ ಡಿಸ್ಕ್ ಸಿಗ್ತಿಲ್ಲ ಅಂತ ಬಂದ ತಕ್ಷಣ ಡಿಸ್ಕ್ ಸತ್ತಿದೆ ಅಂತ ತೀರ್ಮಾನ ಮಾಡೋ ಹಾಗಿಲ್ಲ. ಡಿಸ್ಕಿಗೂ ಬೋರ್ಡಿಗೂ ಮಧ್ಯೆ ಇರೋ ಕೇಬಲ್ ಅಥವಾ ಕನೆಕ್ಟರ್ ಕಿಲುಬು ಹಿಡಿದಿದ್ರೂ ಅದೇ ಸಾಲು ಬರುತ್ತೆ. ನಾವು ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದಾಗ ಮಾಡೋದನ್ನೇ ಇಲ್ಲೂ ಮಾಡಿದೆವು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡೋದು.

1. ಕಿವಿ ಕೊಟ್ಟು ಕೇಳಿ. ನಮ್ಮದು ನಿಮಿಷಕ್ಕೆ 5400 ಸುತ್ತಿನ, ಅಂದ್ರೆ ಸೆಕೆಂಡಿಗೆ 90 ಸುತ್ತು ತಿರುಗೋ 1 ಟಿಬಿ ಡಿಸ್ಕ್. ಒಂದೇ ಸಮ ಗುಂಯ್ ಅಂದ್ರೆ ಮೋಟರ್ ತಿರುಗ್ತಿದೆ. ಟಕ್ ಟಕ್ ಅಂತ ಪದೇ ಪದೇ ಬಡಿದರೆ ಓದೋ ಹೆಡ್‌ಗೆ ಏಟಾಗಿರಬಹುದು, ಕೂಡಲೇ ಆಫ್ ಮಾಡಿ. ಶಬ್ದವೇ ಇಲ್ಲದಿದ್ರೆ ಡಿಸ್ಕಿಗೆ ಕರೆಂಟ್ ತಲುಪದೇ ಇರಬಹುದು, ಅಥವಾ ಅದರ ಸರ್ಕ್ಯೂಟ್ ಬೋರ್ಡ್ ಹೋಗಿರಬಹುದು. ನಮ್ಮದು ಗುಂಯ್ ಅಂತಿತ್ತು, ಮಧ್ಯೆ ಮಧ್ಯೆ ನಿಂತು ಮತ್ತೆ ಶುರುವಾಗ್ತಿತ್ತು.

2. ಬಯೋಸ್ ನೋಡಿ. ಆನ್ ಆಗುವಾಗ ಎಫ್2 ಅಥವಾ ನಿಮ್ಮ ಮಾಡೆಲ್‌ಗೆ ಇರೋ ಕೀ ಒತ್ತಿದ್ರೆ ಡಿಸ್ಕಿನ ಹೆಸರು ಕಾಣಬೇಕು. ನಮ್ಮದು ಒಂದು ಸಲ ಕಂಡರೆ ಮೂರು ಸಲ ಕಾಣ್ತಿರಲಿಲ್ಲ.

3. ಅದಲು ಬದಲು ಮಾಡಿ. ಸೀನಿಯರ್ ಒಬ್ಬರ ಹತ್ರ ಇದ್ದ ಚೆನ್ನಾಗಿರೋ ಡಿಸ್ಕನ್ನ ನಮ್ಮ ಲ್ಯಾಪ್‌ಟಾಪ್‌ಗೆ ಹಾಕಿದೆವು, ಪ್ರತಿ ಸಲ ಕಾಣಿಸ್ತು. ನಮ್ಮ ಡಿಸ್ಕನ್ನ ಯುಎಸ್‌ಬಿ ಅಡಾಪ್ಟರ್‌ನಲ್ಲಿ ಬೇರೆ ಲ್ಯಾಪ್‌ಟಾಪ್‌ಗೆ ಹಾಕಿದೆವು, ಅಲ್ಲೂ ಅದೇ ಕಣ್ಣಾಮುಚ್ಚಾಲೆ. ಬೋರ್ಡ್ ಸರಿ, ಕೇಬಲ್ ಸರಿ. ಕೆಟ್ಟಿರೋದು ಡಿಸ್ಕೇ.

4. ಡಿಸ್ಕಿನ ಆರೋಗ್ಯದ ವರದಿ ಓದಿ. ಪ್ರತಿ ಡಿಸ್ಕ್ ತನ್ನ ತಪ್ಪುಗಳ ಲೆಕ್ಕ ತಾನೇ ಬರೆದಿಡುತ್ತೆ, ಅದಕ್ಕೆ ಸ್ಮಾರ್ಟ್ ಅಂತಾರೆ. ಪೆನ್‌ಡ್ರೈವ್‌ನಿಂದ ಉಬುಂಟು ಬೂಟ್ ಮಾಡಿ ಅದನ್ನ ನೋಡಬಹುದು. 5ನೇ ಸಾಲು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳದ್ದು, 197ನೇದು ಓದೋಕಾಗದೆ ಬಾಕಿ ಉಳಿದವುಗಳದ್ದು, 199ನೇದು ಸಾಮಾನ್ಯವಾಗಿ ಕೇಬಲ್‌ನ ತೊಂದರೆ ಹೇಳೋದು. ನಮ್ಮ 197 ಪ್ರತಿ ಸಲ ಏರ್ತಾ ಇತ್ತು.

ಮೊದಲು ಡೇಟಾ, ಆಮೇಲೆ ಡಿಸ್ಕ್

ಹೊಸ ಡಿಸ್ಕ್ ಹಾಕಿ ಮುಗಿಸಬಹುದಿತ್ತು. ಆದ್ರೆ ಆಗ ರೂಮ್‌ಮೇಟ್ ಮೆಲ್ಲಗೆ ಹೇಳಿದ, "ಮಿನಿ ಪ್ರಾಜೆಕ್ಟ್ ಹೋದ್ರೆ ಹೋಗ್ಲಿ, ಮತ್ತೆ ಬರೆಯೋಣ. ಅದರಲ್ಲಿ ನಮ್ಮಜ್ಜಿ ಹಾಡಿದ ಸೋಬಾನೆ ಪದ ಇದೆ ಕಣ್ರೋ." ಅಜ್ಜಿ ಹೋದ ವರ್ಷ ತೀರಿಕೊಂಡಿದ್ರು. ರೆಕಾರ್ಡ್ ಮಾಡಿದ್ದ ಫೋನ್ ಕೂಡ ಈಗಿಲ್ಲ. ಒಟ್ಟು 14 ಆಡಿಯೋ ಫೈಲ್. ಟೀ ಚೆಲ್ಲಿದವನು ಅವತ್ತು ಊಟಕ್ಕೇ ಬರಲಿಲ್ಲ.

ಇಲ್ಲಿ ಮೂರು ಮಾತು ನೆನಪಿಡಿ. ಫಾರ್ಮ್ಯಾಟ್ ಮಾಡ್ಲಾ ಅಂತ ವಿಂಡೋಸ್ ಕೇಳಿದ್ರೆ ಬೇಡ ಅನ್ನಿ. ಚೆಕ್ ಡಿಸ್ಕ್ ಓಡಿಸಬೇಡಿ, ಸಾಯ್ತಿರೋ ಡಿಸ್ಕ್ ಮೇಲೆ ಅದು ಬರೆಯೋಕೆ ಹೋಗುತ್ತೆ. ಡಿಸ್ಕಿನ ಮುಚ್ಚಳವನ್ನಂತೂ ಬಿಚ್ಚಲೇಬೇಡಿ. ಒಳಗೆ ತಿರುಗೋ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ಹೆಡ್ ತೇಲುತ್ತೆ. ನಮ್ಮ ತಲೆಕೂದಲು ಅದಕ್ಕಿಂತ ಸಾವಿರಾರು ಪಟ್ಟು ದಪ್ಪ. ಹಾಸ್ಟೆಲ್ ರೂಮಿನ ಒಂದು ಧೂಳಿನ ಕಣ ಸಾಕು, ಕಥೆ ಮುಗೀತು.

ಆದ್ರೆ ಮುಚ್ಚಳ ಬೇರೆ, ಹೊರಗೆ ಕಾಣೋ ಹಸಿರು ಸರ್ಕ್ಯೂಟ್ ಬೋರ್ಡ್ ಬೇರೆ. ಬೋರ್ಡ್ ತೆಗೆದರೆ ತಟ್ಟೆಗಳಿರೋ ಕೋಣೆ ತೆರೆಯಲ್ಲ. ಹಾಗಂತ ಅದೂ ಅಪಾಯವಿಲ್ಲದ ಕೆಲಸ ಅಲ್ಲ. ಡೇಟಾ ರಿಕವರಿ ಲ್ಯಾಬ್‌ಗೆ ಕೊಡೋದೇ ಸರಿಯಾದ ದಾರಿ, ನಾವು ಹಾಳು ಮಾಡಿದ್ರೆ ಅವರಿಗೂ ಕಷ್ಟ ಆಗುತ್ತೆ ಅಂತ ರೂಮ್‌ಮೇಟ್‌ಗೆ ಸ್ಪಷ್ಟವಾಗಿ ಹೇಳಿದೆವು. ಅಷ್ಟು ದುಡ್ಡು ಯಾರ ಹತ್ರಾನೂ ಇರಲಿಲ್ಲ. ಅವನು ಒಂದು ರಾತ್ರಿ ಯೋಚಿಸಿ, "ಮಾಡಿ" ಅಂದ. ತೀರ್ಮಾನ ಅವನದೇ ಆಗಬೇಕಿತ್ತು, ಅದಕ್ಕೇ ಕಾದೆವು.

ಶನಿವಾರ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ನಕ್ಷತ್ರದ ಆಕಾರದ ಟಾರ್ಕ್ಸ್ ಸ್ಕ್ರೂಡ್ರೈವರ್, 99% ಐಸೊಪ್ರೊಪೈಲ್ ಆಲ್ಕೋಹಾಲ್ ತಂದೆವು. ಬೋರ್ಡ್ ತಿರುಗಿಸಿದಾಗ ಹೆಡ್ ಮತ್ತು ಮೋಟರ್‌ಗೆ ತಾಗೋ ಸಂಪರ್ಕದ ಜಾಗಗಳ ಮೇಲೆ ಹಸಿರು ಕಿಲುಬು. ಆಲ್ಕೋಹಾಲ್ ಅದ್ದಿದ ಮೆತ್ತನೆ ಬ್ರಶ್‌ನಿಂದ ಮೆಲ್ಲಗೆ ಒರೆಸಿ, ಪೂರ್ತಿ ಆರಿಸಿ, ಅದೇ ಬೋರ್ಡನ್ನ ವಾಪಸ್ ಕೂರಿಸಿದೆವು. ಬೇರೆ ಡಿಸ್ಕಿನ ಬೋರ್ಡ್ ಹಾಕಿದ್ರೆ ಆಯ್ತಲ್ಲ ಅಂತ ನೀವು ಕೇಳಬಹುದು. ಈಗಿನ ಡಿಸ್ಕ್‌ಗಳಲ್ಲಿ ಆಗಲ್ಲ, ಆ ಡಿಸ್ಕಿಗೇ ಸೀಮಿತವಾದ ಮಾಹಿತಿ ಅದೇ ಬೋರ್ಡಿನ ಮೆಮೊರಿಯಲ್ಲಿರುತ್ತೆ.

ಈಗ ಡಿಸ್ಕ್ ಪ್ರತಿ ಸಲ ಕಾಣಿಸ್ತು. ಆದ್ರೂ ಫೋಲ್ಡರ್ ತೆರೆದು ಕಾಪಿ ಮಾಡೋಕೆ ಹೋಗಲಿಲ್ಲ. ಡಿಡಿರೆಸ್ಕ್ಯೂ ಅನ್ನೋ ಉಚಿತ ತಂತ್ರಾಂಶ ಇದೆ. ಅದು ಮೊದಲು ಸುಲಭವಾಗಿ ಓದೋಕಾಗೋ ಜಾಗಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡುತ್ತೆ, ಕಷ್ಟದ ಜಾಗಗಳಿಗೆ ಆಮೇಲೆ ವಾಪಸ್ ಬರುತ್ತೆ. ಎಲ್ಲಿವರೆಗೆ ಬಂದೆ ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದುಕೊಳ್ಳೋದ್ರಿಂದ ಕರೆಂಟ್ ಹೋದ್ರೂ ಮತ್ತೆ ಮೊದಲಿಂದ ಶುರು ಮಾಡಬೇಕಿಲ್ಲ. ಸೀನಿಯರ್ ಕೊಟ್ಟ 2 ಟಿಬಿ ಡಿಸ್ಕಿಗೆ ಎರಡು ರಾತ್ರಿ ನಕಲು ನಡೀತು. ಪಾಳಿ ಹಾಕ್ಕೊಂಡು ಕಾದೆವು. ಆ ಮೇಜಿನ ಹತ್ರ ಟೀಗೆ ನಿಷೇಧ.

ಹೊಸ ಡಿಸ್ಕ್ ಹಾಕೋದು

ಇದು ಸುಲಭದ ಭಾಗ. ನಿಮ್ಮ ಲ್ಯಾಪ್‌ಟಾಪ್‌ಗೆ 2.5 ಇಂಚಿನ ಸಾಟಾ ಬೇಕಾ, ಚಿಕ್ಕ ಎಂ.2 ಬೇಕಾ ಅಂತ ಮೊದಲೇ ನೋಡಿಕೊಳ್ಳಿ. ಎಂ.2ನಲ್ಲೂ ಸಾಟಾ, ಎನ್‌ವಿಎಂಇ ಅಂತ ಎರಡು ಬಗೆ ಇದೆ. ನಾವು 480 ಜಿಬಿಯ ಸಾಟಾ ಎಸ್‌ಎಸ್‌ಡಿ ತಂದೆವು, ದುಡ್ಡು ಮೂವರೂ ಹಂಚಿಕೊಂಡೆವು. ಲ್ಯಾಪ್‌ಟಾಪ್ ಒಳಗಿನ ಕನೆಕ್ಟರ್‌ನ್ನೂ ಆಲ್ಕೋಹಾಲ್‌ನಿಂದ ಒರೆಸಿ, ಹಳೇ ಡಿಸ್ಕಿನ ಫ್ರೇಮ್ ಬಿಚ್ಚಿ ಹೊಸದಕ್ಕೆ ಹಾಕಿ, ನೇರವಾಗಿ ತಳ್ಳಿ ಕೂರಿಸಿ, ಸ್ಕ್ರೂ ಬಿಗಿ ಮಾಡಿದರೆ ಮುಗೀತು. ವಿಂಡೋಸ್ 10 ಮೊದಲೇ ಹಾಕಿ ಬಂದಿರೋ ಲ್ಯಾಪ್‌ಟಾಪ್ ಆಗಿದ್ರೆ ಲೈಸೆನ್ಸ್ ಮದರ್‌ಬೋರ್ಡ್ ಜೊತೆ ಇರುತ್ತೆ, ಅದೇ ಆವೃತ್ತಿ ಹಾಕಿದ್ರೆ ಮತ್ತೆ ಕೊಳ್ಳಬೇಕಿಲ್ಲ.

ಕೊನೆಗೆ ಸಿಕ್ಕಿದ್ದು

ನಕಲು ಮಾಡಿದ ಡಿಸ್ಕಿನಿಂದ ಮಿನಿ ಪ್ರಾಜೆಕ್ಟ್ ಪೂರ್ತಿ ಸಿಕ್ತು. ಅಜ್ಜಿಯ 14 ಪದಗಳಲ್ಲಿ 12 ಸರಿಯಾಗಿವೆ. ಒಂದರ ಮಧ್ಯೆ ಸ್ವಲ್ಪ ಹೊತ್ತು ಮೌನ. ಇನ್ನೊಂದು ತೆರೆಯಲೇ ಇಲ್ಲ. ಅದ್ಯಾವ ಪದ ಅಂತ ರೂಮ್‌ಮೇಟ್‌ಗೂ ನೆನಪಿಲ್ಲ, ಊರಿಗೆ ಹೋದಾಗ ಅತ್ತೆಯನ್ನ ಕೇಳ್ತೀನಿ ಅಂದಿದ್ದಾನೆ. ಅವತ್ತೇ ನಾವು ಪವರ್ ಬಟನ್ ಒತ್ತದೆ ಇದ್ದಿದ್ರೆ ಆ ಎರಡೂ ಉಳೀತಿತ್ತೇನೋ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ನಾವೀಗ 3-2-1 ನಿಯಮ ಪಾಲಿಸ್ತಿದ್ದೇವೆ: ಮುಖ್ಯವಾದದ್ದರ ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಊರಿನಲ್ಲೋ ಕ್ಲೌಡ್‌ನಲ್ಲೋ. ಅಜ್ಜಿಯ ಪದಗಳು ಈಗ ನಮ್ಮ ಮೂವರ ಹತ್ರಾನೂ ಇವೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಮತ್ತೆ ಸಿಗದೇ ಇರೋದು ಏನಾದ್ರೂ ಇದ್ದೇ ಇರುತ್ತೆ. ಈ ಪುಟ ಮುಚ್ಚಿದ ಕೂಡಲೇ ಅದರ ಒಂದು ಕಾಪಿ ಮಾಡಿಬಿಡಿ. ಟೀ ಆಮೇಲೆ ಕುಡಿಯೋಣ.